ಹತ್ತು ಮಾತ್ರೆ, ಒಂದು ಗಂಟೆ, ಹತ್ತು ಹನಿ

ಸೂಜಿಗೆ ದಾರ ಪೋಣಿಸಿಕೊಡು ಅಂತ ಅಕ್ಕ ನನ್ನನ್ನು ಕರೆದ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅವಳು ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುವವಳು. ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲೂ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಅವತ್ತು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣಿನ ಹತ್ತಿರ ತರುತ್ತಾಳೆ, ಬೆರಳು ಸಣ್ಣಗೆ ನಡುಗಿ ದಾರ ಪಕ್ಕಕ್ಕೆ ಹೋಗುತ್ತದೆ. ಮತ್ತೆ ತರುತ್ತಾಳೆ, ಮತ್ತೆ ಹೋಗುತ್ತದೆ. "ಕನ್ನಡಕ ಬೇಕೇನೋ ಕಣೇ" ಅಂದಳು. ನಾನೂ ಹೂಂ ಅಂದೆ.

ಅದು 2023ರ ಜನವರಿ. ತರೀಕೆರೆಯಲ್ಲಿ ಅವಳ ಮನೆ, ಮುಂದಿನ ಕೋಣೆಯಲ್ಲೇ ಹೊಲಿಗೆ ಮಷಿನ್. ನಾನಿರುವುದು ಭದ್ರಾವತಿಯಲ್ಲಿ, ರಜೆ ಸಿಕ್ಕಾಗ ಹೋಗಿ ಬರುತ್ತೇನೆ. ಆ ಚಳಿಯಲ್ಲೂ ಅವಳಿಗೆ ಫ್ಯಾನ್ ಬೇಕು. ಮೊದಲಿಗಿಂತ ಜಾಸ್ತಿ ಊಟ ಮಾಡುತ್ತಾಳೆ, ಆದರೆ ರವಿಕೆಯ ತೋಳು ಜೋತುಬೀಳುತ್ತಿದೆ. 58 ಕೆಜಿ ಇದ್ದವಳು 49ಕ್ಕೆ ಬಂದಿದ್ದಳು. ಸುಮ್ನೆ ಕೂತಿದ್ದರೂ ಎದೆ ಡವಡವ ಅನ್ನುತ್ತೆ ಅಂತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಹಾರ್ಮೋನು ಟಿ4 ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ, ಅದನ್ನು ನಡೆಸುವ ಟಿಎಸ್‌ಎಚ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅಂತ ಬಂತು.

ಡಾಕ್ಟ್ರು ಅವಳ ಕಸುಬು ಕೇಳಿಕೊಂಡು ಅದರಲ್ಲೇ ವಿವರಿಸಿದರು. "ಮೋಟಾರ್ ಮಷಿನ್ ಇದೆಯಲ್ಲಮ್ಮಾ ನಿಮ್ಮದು? ಪೆಡಲ್ ಮೇಲೆ ನೀವು ಕಾಲಿಟ್ಟಷ್ಟು ಹೊತ್ತು ಓಡುತ್ತೆ. ಈಗ ನಿಮ್ಮ ಕಾಲು ತೆಗೆದಾಗಿದೆ, ಆದರೆ ಯಾರೋ ಪೆಡಲ್ ಮೇಲೆ ಕಲ್ಲು ಇಟ್ಟಿದ್ದಾರೆ." ಮಷಿನ್ ಅಂದರೆ ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ, ಕಾಲು ಅಂದರೆ ಟಿಎಸ್‌ಎಚ್. ಆ ಕಲ್ಲು ಅಂದರೆ ಅವಳದೇ ದೇಹ ತಪ್ಪಾಗಿ ತಯಾರಿಸಿದ ಪ್ರತಿಕಾಯ. ಕಾಯಿಲೆಯ ಹೆಸರು ಗ್ರೇವ್ಸ್. 1835ರಲ್ಲಿ ಡಬ್ಲಿನ್ ಊರಿನ ರಾಬರ್ಟ್ ಗ್ರೇವ್ಸ್ ಅನ್ನುವ ಡಾಕ್ಟ್ರು ಇದರ ಬಗ್ಗೆ ಬರೆದಿದ್ದರಂತೆ, ಅವರ ಹೆಸರೇ ಉಳಿದುಕೊಂಡಿದೆ. ಕಾರ್ಬಿಮಜೋಲ್ ಮಾತ್ರೆ ಕೊಟ್ಟರು. ಒಂದೂವರೆ ವರ್ಷವಾದರೂ ತಗೋಬೇಕು, ನಡುವೆ ನಿಲ್ಲಿಸಬಾರದು ಅಂದರು.

ನಿಲ್ಲಿಸಬಾರದು ಅನ್ನುವ ಮಾತು ನಮ್ಮ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅದಕ್ಕೆ ಒಂದು ಕಾರಣ ಇದೆ. ನಮ್ಮ ಬೀದಿಯಲ್ಲೇ ನಾಲ್ಕು ಜನ ಥೈರಾಯ್ಡ್ ಮಾತ್ರೆ ತಗೋತಾರೆ. ಅವರೆಲ್ಲರದ್ದೂ ಹಾರ್ಮೋನು ಕಡಿಮೆ ಇರುವ ತೊಂದರೆ. ಸುಸ್ತು, ಮೈ ಬರುವುದು, ಕೂದಲು ಉದುರುವುದು. ಥೈರಾಯ್ಡ್ ಅಂದ್ರೆ ಅಷ್ಟೇ ಅಂತ ನಾವೂ ತಿಳಿದಿದ್ದೆವು. ಅಕ್ಕನದು ಅದಕ್ಕೆ ಪೂರ್ತಿ ಉಲ್ಟಾ. ಎರಡಕ್ಕೂ ಜನ ಹೇಳುವುದು ಒಂದೇ ಮಾತು, "ಥೈರಾಯ್ಡ್ ಇದೆ" ಅಂತ. ಪಕ್ಕದ ಮನೆಯವರು ಎರಡು ದಿನ ಮಾತ್ರೆ ಮರೆತರೆ ಏನೂ ಆಗುವುದಿಲ್ಲ. ಅಕ್ಕ ಮರೆತರೂ ಏನೂ ಆಗಲ್ಲ ಅಂದುಕೊಂಡೆವು.

ಐದಾರು ತಿಂಗಳಲ್ಲಿ ಅವಳು ಚೆನ್ನಾಗಿಯೇ ಆಗಿದ್ದಳು. ಕೈನಡುಕ ನಿಂತಿತು, ಮುಖ ತುಂಬಿಕೊಂಡಿತು. ಆಗಸ್ಟ್‌ನಲ್ಲಿ ಮಾತ್ರೆ ಖಾಲಿಯಾದಾಗ ವರಮಹಾಲಕ್ಷ್ಮಿ ಹಬ್ಬದ ರವಿಕೆಗಳು ಮನೆ ತುಂಬಾ ಇದ್ದವು. ಅದು ಮುಗಿಯುವಷ್ಟರಲ್ಲಿ ಗೌರಿ ಹಬ್ಬದವು ಬಂದವು. ಹಬ್ಬ ಮುಗೀಲಿ, ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬರ್ತೀನಿ ಅಂದಳು. ವರ್ಷದ ದುಡಿಮೆಯ ಅರ್ಧ ಆ ಎರಡು ತಿಂಗಳಲ್ಲೇ ಬರುವುದು. ಬಿಟ್ಟು ಹೋಗು ಅಂತ ಹೇಳುವುದು ಸುಲಭ, ಆದರೆ ಆ ಕೋಣೆಯಲ್ಲಿ ಕೂತು ನೋಡಿದವರಿಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಉರಿಮೂತ್ರ ಶುರುವಾಯಿತು. ಎದ್ದು ಹೋಗಬೇಕಾಗುತ್ತೆ ಅಂತ ನೀರು ಕುಡಿಯದೆ ಮಷಿನ್ ಮುಂದೆ ಕೂರುವವಳು. ಆಮೇಲೆ ಜ್ವರ. ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬಂದಳು. ಹಾರ್ಮೋನಿನ ವಿಷಯ ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಗೌರಿ ಹಬ್ಬಕ್ಕೆ ಆರು ದಿನ ಇರುವಾಗ ಭಾವ ಫೋನ್ ಮಾಡಿದರು. "ನಿಮ್ಮಕ್ಕ ಒಂಥರಾ ಮಾತಾಡ್ತಿದಾಳೆ, ಬೇಗ ಬಾ." ನಾನು ಹೋದಾಗ ಮಧ್ಯಾಹ್ನ ಮೂರು ದಾಟಿತ್ತು. ಅಕ್ಕ ಮಂಚದ ಮೇಲೆ ಕೂತು ಸೀರೆಯ ಅಂಚನ್ನು ಅಳೆಯುತ್ತಿದ್ದಳು. ಗೇಣು ಹಾಕಿ ಅಳೆಯುತ್ತಾಳೆ, ತಪ್ಪಾಯಿತು ಅಂತ ಮತ್ತೆ ಮೊದಲಿಂದ. "ಹದಿನಾಲ್ಕು, ಹದಿನಾಲ್ಕೂವರೆ, ಇವರದ್ದು ಕೊಟ್ಟಾಯ್ತಾ?" ಅಂತ ನನ್ನನ್ನೇ ಕೇಳಿದಳು, ಗಿರಾಕಿಯನ್ನು ಕೇಳುವ ಹಾಗೆ. ನನ್ನ ಗುರುತು ಹಿಡಿಯಲಿಲ್ಲ. ಮೈ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಬೆವರಿ ರವಿಕೆ ಬೆನ್ನಿಗೆ ಅಂಟಿತ್ತು. ಬೆಳಗಿನಿಂದ ಐದಾರು ಸಲ ಭೇದಿ, ಎರಡು ಸಲ ವಾಂತಿ ಆಗಿದೆ ಅಂದರು ಭಾವ.

ಅಮ್ಮ ನಿಂಬೆಹಣ್ಣು ನಿವಾಳಿಸುತ್ತಿದ್ದಳು. ಪಕ್ಕದ ಮನೆಯವರು ಯಾರೋ ಮೈಮೇಲೆ ಬಂದಿದೆ, ಗೌರಿ ಹತ್ತಿರ ಬಂದಳಲ್ಲ ಅಂದರಂತೆ. ಅದರಲ್ಲಿ ಒಂದು ಗಂಟೆ ಕಳೆದಿತ್ತು. ಅಮ್ಮನನ್ನು ನಾನು ದೂರುವುದಿಲ್ಲ. ಮಗಳು ಕಣ್ಣೆದುರೇ ಬೇರೆ ಯಾರೋ ಆಗಿಬಿಟ್ಟಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಳು, ಅಷ್ಟೇ.

ಭಾವನ ಸ್ನೇಹಿತರ ಕಾರಿನಲ್ಲಿ ಹೊರಟೆವು. ಶಿವಮೊಗ್ಗಕ್ಕೆ 40 ಕಿಲೋಮೀಟರಿಗೂ ಜಾಸ್ತಿ ದಾರಿ. ನನ್ನ ತೊಡೆಯ ಮೇಲೆ ಅವಳ ತಲೆ. ಕತ್ತಿನ ಬುಡದಲ್ಲಿ ನರ ಹಾರುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಎಣಿಸೋಣ ಅಂತ ನೋಡಿದೆ, ಎಣಿಕೆ ಸಿಗಲಿಲ್ಲ, ಅಷ್ಟು ಬೇಗ ಹೊಡೆದುಕೊಳ್ಳುತ್ತಿತ್ತು.

ಕ್ಯಾಜುವಾಲಿಟಿಯಲ್ಲಿ ಮೊದಲು ಕೇಳಿದ್ದು ಶುಗರ್ ಇದೆಯಾ, ಬಿಪಿ ಇದೆಯಾ ಅಂತ. ಇಲ್ಲ, ಇಲ್ಲ ಅಂದೆವು. ಡೆಂಗಿ ಕಾಲ ಅದು. ಡೆಂಗಿ, ಮಲೇರಿಯಾ ಎರಡಕ್ಕೂ ರಕ್ತ ತೆಗೆದುಕೊಂಡರು. ಮಿದುಳು ಜ್ವರ ಇರಬಹುದು, ಬೆನ್ನಿನಿಂದ ನೀರು ತೆಗೆಯಬೇಕಾಗಬಹುದು ಅಂತಲೂ ಮಾತಾಡಿಕೊಂಡರು. ಅವರ ಯೋಚನೆ ಸರಿಯೇ ಇತ್ತು. ಜ್ವರ 103, ನಾಡಿ 152, ಮಾತು ಎತ್ತೆತ್ತಲೋ. ಇದನ್ನು ನೋಡಿದರೆ ಯಾರಿಗೆ ಥೈರಾಯ್ಡ್ ನೆನಪಾಗುತ್ತೆ?

ನೆನಪಾಗಿದ್ದು ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟ್ರಿಗೆ. ಡ್ರಿಪ್ ಹಾಕಲು ಬಂದವರು ಅಕ್ಕನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದರು. ಕಣ್ಣು ಅಗಲವಾಗಿ ತೆರೆದುಕೊಂಡೇ ಇತ್ತು, ರೆಪ್ಪೆ ಮೇಲೆ ಎಳೆದು ಕಟ್ಟಿದ ಹಾಗೆ. ಆಮೇಲೆ ಸ್ಟೆತಸ್ಕೋಪನ್ನು ಎದೆ ಮೇಲಿಂದ ಎತ್ತಿ ಕುತ್ತಿಗೆಯ ಮುಂಭಾಗಕ್ಕೆ ಇಟ್ಟರು. ಅಲ್ಲಿ ಇಟ್ಟು ಕೇಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗ್ರಂಥಿಯೊಳಗೆ ರಕ್ತ ಜೋರಾಗಿ ಹರಿದರೆ ಅಲ್ಲಿ ಹುಸ್ ಹುಸ್ ಅಂತ ಸದ್ದು ಬರುತ್ತದಂತೆ. ನನ್ನ ಕಡೆ ತಿರುಗಿ ಕೇಳಿದರು, "ಇವರಿಗೆ ಥೈರಾಯ್ಡ್ ಜಾಸ್ತಿ ಇತ್ತಾ? ಮಾತ್ರೆ ತಗೋತಿದ್ರಾ?"

ಜಾಸ್ತಿ ಅನ್ನುವ ಆ ಒಂದು ಮಾತು ನನ್ನ ತಲೆಯೊಳಗೆ ದೀಪ ಹಚ್ಚಿದ ಹಾಗಾಯಿತು. ಹೌದು ಅಂದೆ. ಯಾವ ಮಾತ್ರೆ, ಎಷ್ಟು, ಯಾವಾಗ ನಿಲ್ಲಿಸಿದ್ದು ಅಂದಾಗ ಹೆಸರು ಬಾಯಿಗೆ ಬರಲಿಲ್ಲ. ಪಕ್ಕದ ಮನೆ ಹುಡುಗಿಗೆ ಫೋನ್ ಮಾಡಿ, ಮಷಿನ್ ಡ್ರಾಯರ್ ತೆಗೆದು ನೋಡು ಅಂದೆ. ಎರಡು ನಿಮಿಷದಲ್ಲಿ ವಾಟ್ಸಾಪಿಗೆ ಫೋಟೋ ಬಂತು. ಬಾಬಿನ್, ಹುಕ್ಕಿನ ಪೊಟ್ಟಣ, ಸೀಮೆಸುಣ್ಣದ ಚೂರುಗಳ ನಡುವೆ ಒಂದು ಮಾತ್ರೆ ಪಟ್ಟಿ. ಹತ್ತು ಗುಳಿ, ಹತ್ತೂ ಖಾಲಿ. ಅದರ ಜೊತೆ ಮಡಿಸಿಟ್ಟ ಮೆಡಿಕಲ್ ಶಾಪಿನ ಬಿಲ್ಲು, ಜುಲೈ ತಿಂಗಳದ್ದು. ಡಾಕ್ಟ್ರು ಫೋಟೋ ದೊಡ್ಡದು ಮಾಡಿ ನೋಡಿ, ದೊಡ್ಡ ಡಾಕ್ಟ್ರಿಗೆ ಫೋನ್ ಹಚ್ಚಿದರು. "ಥೈರಾಯ್ಡ್ ಸ್ಟಾರ್ಮ್ ಅನಿಸ್ತಿದೆ ಸರ್" ಅಂದಿದ್ದು ಕೇಳಿಸಿತು. ಸ್ಟಾರ್ಮ್ ಅಂದರೆ ಬಿರುಗಾಳಿ, ಹಾರ್ಮೋನಿನ ಹೊಡೆತಕ್ಕೆ ಇಡೀ ದೇಹ ಹದ ತಪ್ಪುವ ಸ್ಥಿತಿ.

ಅವರು ಕೇಸ್ ಶೀಟಿನ ಅಂಚಿನಲ್ಲಿ ಒಂದು ಲೆಕ್ಕ ಹಾಕಿದರು. ಜ್ವರಕ್ಕೆ 25, ನಾಡಿಗೆ 25, ಬುದ್ಧಿ ಕದಡಿದ್ದಕ್ಕೆ 20, ಭೇದಿ ವಾಂತಿಗೆ 10, ಮೂತ್ರದ ಸೋಂಕು ಇದಕ್ಕೆಲ್ಲ ಕಿಡಿ ಹಚ್ಚಿದ್ದಕ್ಕೆ 10. ಒಟ್ಟು 90. 1993ರಲ್ಲಿ ಬರ್ಚ್ ಮತ್ತು ವಾರ್ಟೋಫ್‌ಸ್ಕಿ ಅನ್ನುವ ಇಬ್ಬರು ಡಾಕ್ಟ್ರು ಮಾಡಿಟ್ಟ ಲೆಕ್ಕ ಅದು ಅಂತ ಆಮೇಲೆ ಹೇಳಿದರು. 45 ಮುಟ್ಟಿದರೇ ಥೈರಾಯ್ಡ್ ಬಿರುಗಾಳಿ ಅಂತ ಹಿಡಿದು ಚಿಕಿತ್ಸೆ ಶುರು ಮಾಡಬೇಕು.

ಹಾರ್ಮೋನಿನ ರಿಪೋರ್ಟ್ ಬರುವುದು ಮಾರನೇ ದಿನ. ಅದಕ್ಕೆ ಕಾಯಬೇಡವೇ ಅಂತ ಭಾವ ಕೇಳಿದರು. "ಕಾಯೋ ಹಾಗಿಲ್ಲ. ರಿಪೋರ್ಟಲ್ಲಿ ಹಾರ್ಮೋನು ಜಾಸ್ತಿ ಅಂತ ಬರುತ್ತೆ, ಅಷ್ಟೇ. ಇದು ಬಿರುಗಾಳಿ ಹೌದೋ ಅಲ್ಲವೋ ಅಂತ ಮನುಷ್ಯನನ್ನು ನೋಡಿಯೇ ಹೇಳಬೇಕು" ಅಂದರು ಡಾಕ್ಟ್ರು. ಅದೇ ಮಟ್ಟದ ಹಾರ್ಮೋನು ಇಟ್ಟುಕೊಂಡು ಕೆಲವರು ಕೆಲಸಕ್ಕೆ ಹೋಗಿ ಬರುತ್ತಿರುತ್ತಾರೆ. ಇನ್ನು ಕೆಲವರಲ್ಲಿ ದೇಹ ಒಮ್ಮೆಲೇ ಕೈಚೆಲ್ಲುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೂ ಹತ್ತು ಜನರಲ್ಲಿ ಒಬ್ಬರು ಉಳಿಯದಿರಬಹುದು ಅಂತಲೂ ಹೇಳಿದರು. ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ನಂಬಿಕೆ ಬಂತು. ಭಾವ ಗೋಡೆಗೆ ಒರಗಿ ನಿಂತರು.

ಆಮೇಲೆ ಚೀಟಿ ಬರೆದರು. ಅದರಲ್ಲಿ ಎರಡು ಔಷಧಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಇರಲಿಲ್ಲ. ಒಂದು ಪಿಟಿಯು ಮಾತ್ರೆ. ಇನ್ನೊಂದು ಲೂಗಾಲ್ ಅಯೋಡಿನ್. ಭಾವ ಬೈಕ್ ಒಂದನ್ನು ಕೇಳಿ ತೆಗೆದುಕೊಂಡು ಓಡಿದರು. ಪಿಟಿಯು ಎರಡನೇ ಅಂಗಡಿಯಲ್ಲೇ ಸಿಕ್ಕಿತು. ಅದನ್ನು ಆಸ್ಪತ್ರೆಗೆ ತಂದು ಕೊಟ್ಟು ಅಯೋಡಿನ್‌ಗೆ ಮತ್ತೆ ಹೊರಟರು.

ಪಿಟಿಯುವನ್ನೇ ಯಾಕೆ ಹುಡುಕಿಸಿದರು ಅಂತ ಆಮೇಲೆ ಕೇಳಿದೆ. ಕಾರ್ಬಿಮಜೋಲ್ ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಪಿಟಿಯು ಅದನ್ನೂ ಮಾಡುತ್ತದೆ, ಜೊತೆಗೆ ಮೈಯಲ್ಲಿ ಈಗಾಗಲೇ ಇರುವ ಟಿ4 ಅದಕ್ಕಿಂತ ಚುರುಕಾದ ಟಿ3 ಆಗಿ ಬದಲಾಗುವುದನ್ನೂ ತಗ್ಗಿಸುತ್ತದೆ. ಆ ಹೊತ್ತಿಗೆ ಬೇಕಾಗಿದ್ದದ್ದು ಅದು. ಇಂಜೆಕ್ಷನ್ ರೂಪದಲ್ಲಿ ಸಿಗುವ ಔಷಧಿ ಅಲ್ಲ, ಹೊಟ್ಟೆಗೇ ಹೋಗಬೇಕು. ಅಕ್ಕ ನುಂಗುವ ಸ್ಥಿತಿಯಲ್ಲಿ ಇರಲಿಲ್ಲ. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿದರು. ಅವಳು ಕೈ ಬೀಸಿದಳು, ಇಬ್ಬರು ಹಿಡಿದುಕೊಂಡರು. ನಾನು ಅವಳ ಕಾಲು ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ.

ಒಂದೊಂದು ಮಾತ್ರೆ 50 ಮಿಲಿಗ್ರಾಂ. ಮೊದಲ ಸಲಕ್ಕೆ 500 ಮಿಲಿಗ್ರಾಂ ಬೇಕು. ಅಂದರೆ ಹತ್ತು ಮಾತ್ರೆ. ಸಿಸ್ಟರ್ ಹತ್ತನ್ನೂ ಒಂದೊಂದಾಗಿ ಪಟ್ಟಿಯಿಂದ ಒತ್ತಿ ಪುಟ್ಟ ಕುಟ್ಟಾಣಿಗೆ ಹಾಕಿಕೊಂಡರು. ಅಮ್ಮ ಏಲಕ್ಕಿ ಕುಟ್ಟುವಂಥದ್ದೇ ಅದು. ಟಕ್ ಟಕ್ ಅಂತ ನಿಧಾನಕ್ಕೆ, ಸಮವಾಗಿ ಕುಟ್ಟಿದರು. ಅಷ್ಟು ಗಲಾಟೆಯಲ್ಲೂ ನನಗೆ ಆ ಸದ್ದು ಮಾತ್ರ ಕೇಳುತ್ತಿತ್ತು. ನುಣ್ಣಗಾದ ಮೇಲೆ ನೀರು ಹಾಕಿ ಕಲಸಿ, ದೊಡ್ಡ ಸಿರಿಂಜಿಗೆ ಎಳೆದುಕೊಂಡು ಟ್ಯೂಬಿಗೆ ಬಿಟ್ಟರು. ಕುಟ್ಟಾಣಿಯ ಅಡಿಯಲ್ಲಿ ಉಳಿದ ಪುಡಿಯನ್ನೂ ಬಿಡಲಿಲ್ಲ. ಮತ್ತೆ ನೀರು ಹಾಕಿ ತೊಳೆದು ಅದನ್ನೂ ಬಿಟ್ಟರು. ಗೋಡೆಯ ಗಡಿಯಾರ ನೋಡಿ ಶೀಟಿನಲ್ಲಿ ಬರೆದುಕೊಂಡರು: ರಾತ್ರಿ 8.40.

"ಅಯೋಡಿನ್ ಈಗಲೇ ಸಿಕ್ಕಿದರೂ ಕೊಡೋ ಹಾಗಿಲ್ಲ. ಒಂದು ಗಂಟೆ ಆಗಲೇಬೇಕು" ಅಂದರು ಡಾಕ್ಟ್ರು. ನನಗೆ ಅರ್ಥವಾಗಲಿಲ್ಲ. ಇಷ್ಟು ಅವಸರ ಇರುವಾಗ ಕಾಯುವುದು ಯಾಕೆ?

ಅವರು ಅಕ್ಕನ ತೋಳಿನಿಂದ ಕಣ್ಣು ತೆಗೆಯದೆ, ಡ್ರಿಪ್ ಸರಿಮಾಡುತ್ತಲೇ ಹೇಳಿದರು. "ಹಾರ್ಮೋನು ತಯಾರಾಗೋದೇ ಅಯೋಡಿನ್‌ನಿಂದ. ಅದು ಸೌದೆ ಇದ್ದಹಾಗೆ. ಒಲೆ ಆರಿಸದೆ ಸೌದೆ ಒಟ್ಟಿದರೆ ಏನಾಗುತ್ತೆ? ಈಗ ಕೊಟ್ಟ ಮಾತ್ರೆ ಒಲೆ ಆರಿಸುತ್ತೆ. ಆಮೇಲೆ ಒಂದೇ ಸಲಕ್ಕೆ ಜಾಸ್ತಿ ಅಯೋಡಿನ್ ಕೊಟ್ಟರೆ ಗ್ರಂಥಿ ಕಂಗಾಲಾಗಿ ಬಾಗಿಲು ಹಾಕಿಕೊಳ್ಳುತ್ತೆ, ಒಳಗೆ ಕೂಡಿಟ್ಟ ಹಾರ್ಮೋನು ಹೊರಗೆ ಬರಲ್ಲ. ಮೊದಲು ಒಲೆ, ಆಮೇಲೆ ಸೌದೆ."

ಆ ಒಂದು ಗಂಟೆ ಸುಮ್ನೆ ಕೂತಿದ್ದಲ್ಲ. "ಉಬ್ಬಸ ಇದೆಯಾ?" ಅಂತ ಎರಡು ಸಲ ಕೇಳಿ, ಇಲ್ಲ ಅಂದ ಮೇಲೆ ಎದೆಬಡಿತ ತಗ್ಗಿಸಲು ಪ್ರೊಪ್ರನಲಾಲ್ ಅನ್ನೂ ಟ್ಯೂಬಿನಲ್ಲೇ ಕೊಟ್ಟರು. ಉಬ್ಬಸ ಇರುವವರಿಗೆ ಅದು ಉಸಿರು ಕಟ್ಟಿಸಬಹುದಂತೆ. ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ನರಕ್ಕೆ ಹೋಯಿತು. ಸೋಂಕಿಗೆ ಆಂಟಿಬಯೋಟಿಕ್, ಬತ್ತಿದ ಮೈಗೆ ಸಲೈನ್. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್ ಕೊಡಲೇಬಾರದು, ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡ ಹಾರ್ಮೋನನ್ನು ಬಿಡಿಸಿಬಿಡುತ್ತದೆ ಅಂದರು. ಮನೆಯಲ್ಲಿ ಜ್ವರಕ್ಕೆ ಅಂತ ಯಾವ ಮಾತ್ರೆ ಕೊಟ್ಟಿದ್ದಿರಿ ಅಂತಲೂ ಕೇಳಿದರು.

ನನಗೆ ಕೊಟ್ಟ ಕೆಲಸ ಒದ್ದೆ ಬಟ್ಟೆ. ಅಮ್ಮನ ಹಳೆ ಕಾಟನ್ ಸೀರೆಯ ತುಂಡು ಚೀಲದಲ್ಲಿತ್ತು. ಅದನ್ನು ನಾಲ್ಕು ಮಾಡಿ ನಲ್ಲಿ ನೀರಿನಲ್ಲಿ ಅದ್ದಿ ಹಣೆಗೆ, ಕಂಕುಳಿಗೆ, ತೊಡೆ ಸಂದಿಗೆ, ಪಾದಕ್ಕೆ ಹಾಕುತ್ತಿದ್ದೆ. ಹಾಕಿದ ನಾಲ್ಕೇ ನಿಮಿಷಕ್ಕೆ ಬಟ್ಟೆ ಬಿಸಿ. ಮತ್ತೆ ನಲ್ಲಿಗೆ, ಮತ್ತೆ ಮಂಚಕ್ಕೆ. ಅವಳ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಕರಿದಾದ ಚುಕ್ಕೆಗಳಿವೆ. ಅದೇ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದರು. ಮಾನಿಟರಿನಲ್ಲಿ 150, 148, 151. ಅದನ್ನು ನೋಡಬೇಡ, ಬಟ್ಟೆ ನೋಡು ಅಂತ ನನಗೆ ನಾನೇ ಹೇಳಿಕೊಂಡೆ.

9.10ಕ್ಕೆ ಭಾವನ ಫೋನ್. "ಐದು ಅಂಗಡಿ ನೋಡ್ದೆ. ಒಬ್ಬರು ಗಾಯಕ್ಕೆ ಹಚ್ಚೋ ಅಯೋಡಿನ್ ಕೊಡ್ತಿದಾರೆ, ಅದಾಗುತ್ತಾ ಕೇಳು." ನಾನು ಓಡಿ ಹೋಗಿ ಕೇಳಿದೆ. ಸಿಸ್ಟರ್ ನನ್ನ ಕೈಯಿಂದ ಫೋನನ್ನೇ ತೆಗೆದುಕೊಂಡರು. "ಅಣ್ಣಾ, ಅದಲ್ಲ. ಅದು ಹೊರಗೆ ಹಚ್ಚೋದು, ತರಬೇಡಿ. ಲೂಗಾಲ್ ಸೊಲ್ಯೂಷನ್, ಕುಡಿಯೋಕೆ ಕೊಡೋದು ಅಂತ ಬಿಡಿಸಿ ಹೇಳಿ" ಅಂದರು. ಹತ್ತಿರದಲ್ಲಿ ಯಾರ ಹತ್ತಿರ ಇರಬಹುದು ಅಂತ ಎರಡು ಅಂಗಡಿಯ ಗುರುತನ್ನೂ ಹೇಳಿದರು. ಅವರು ಆ ಫೋನ್ ತೆಗೆದುಕೊಳ್ಳದೇ ಹೋಗಿದ್ದರೆ ನಾವು ಏನು ತಂದು ಕೊಡುತ್ತಿದ್ದೆವೋ.

9.35ಕ್ಕೆ ಭಾವ ಬಂದರು. ಅಂಗಿ ಪೂರ್ತಿ ಒದ್ದೆ, ಹೊರಗೆ ಮಳೆ ಬರುತ್ತಿದ್ದದ್ದೇ ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಬೆರಳುದ್ದದ ಒಂದು ಕಂದು ಬಾಟಲಿ. ಸಿಸ್ಟರ್ ಅದರ ಹೆಸರು ಓದಿ, ತಾರೀಕು ಓದಿ, ಟ್ರೇ ಮೇಲೆ ಇಟ್ಟರು. ಇಟ್ಟು ಗಡಿಯಾರ ನೋಡಿದರು. ಇನ್ನೂ ಐದು ನಿಮಿಷ. ಔಷಧಿ ಮುಂದೆಯೇ ಇದೆ, ಯಾರೂ ಮುಟ್ಟುತ್ತಿಲ್ಲ. 9.45ಕ್ಕೆ ಡಾಕ್ಟ್ರು ಬಂದು ತಲೆ ಆಡಿಸಿದ ಮೇಲೆ ನೀರಿದ್ದ ಲೋಟಕ್ಕೆ ಹತ್ತು ಹನಿ ಬಿಟ್ಟರು. ಒಂದೊಂದು ಹನಿಯೂ ನೀರಿನಲ್ಲಿ ಇಳಿದು ಕಷಾಯದ ಬಣ್ಣದ ಎಳೆ ಎಳೆಯಾಗಿ ಹರಡಿತು. ಮನೆಯಲ್ಲಿ ದೇವರ ತೀರ್ಥಕ್ಕೆ ಕೈಯೊಡ್ಡುವಾಗಲೂ ನಾನು ಅಷ್ಟು ಶ್ರದ್ಧೆಯಿಂದ ನೋಡಿಲ್ಲ. ಆಮೇಲೆ ಎಂಟೆಂಟು ಗಂಟೆಗೊಮ್ಮೆ ಹತ್ತು ಹನಿ, ನಾಲ್ಕು ಗಂಟೆಗೊಮ್ಮೆ ಐದು ಪಿಟಿಯು ಮಾತ್ರೆ ಅಂತ ಬರೆದರು.

ಹತ್ತೂವರೆಗೆ ಐಸಿಯುಗೆ ಒಯ್ದರು. ಅಲ್ಲಿಂದ ನಮಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ರಾತ್ರಿಯೆಲ್ಲ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಒಂದು ಗಂಟೆಗೆ ಸಿಸ್ಟರ್ ಹೊರಗೆ ಬಂದು "138" ಅಂದರು. ಅಷ್ಟೇ ಹೇಳಿ ಹೋದರು. ಅಮ್ಮನಿಗೆ ಅದು ಏನು ಅಂತ ತಿಳಿಯದಿದ್ದರೂ ಕೈ ಮುಗಿದಳು. ಬೆಳಿಗ್ಗೆ 118 ಇತ್ತು, ಜ್ವರ 100ಕ್ಕೆ ಇಳಿದಿತ್ತು. ಹಾರ್ಮೋನಿನ ರಿಪೋರ್ಟೂ ಬಂತು. ಅಂದುಕೊಂಡ ಹಾಗೇ ಇತ್ತು.

ಎರಡನೇ ದಿನವೂ ಅವಳಿಗೆ ನಮ್ಮ ಗುರುತಿಲ್ಲ. ಮಾತ್ರೆ ಕೆಲಸ ಮಾಡುತ್ತಿಲ್ಲವಾ ಅಂತ ಹೆದರಿದೆ. ದೊಡ್ಡ ಡಾಕ್ಟ್ರು ನಿಂತು ಹೇಳಿದರು, "ಈಗಾಗಲೇ ರಕ್ತಕ್ಕೆ ಬಂದ ಟಿ4 ಅರ್ಧಕ್ಕೆ ಇಳಿಯೋಕೇ ಮೂರ್ನಾಲ್ಕು ದಿನ ಬೇಕಮ್ಮಾ. ನಾವು ನಲ್ಲಿ ನಿಲ್ಲಿಸಿದ್ದೀವಿ, ನೆಲದ ಮೇಲಿನ ನೀರು ಆರಬೇಕಲ್ಲ?" ಅದನ್ನು ಬೇಗ ಹೊರಗೆ ಹಾಕಲು ಕೊಲೆಸ್ಟೈರಮಿನ್ ಅನ್ನುವ ಪುಡಿಯನ್ನೂ ಕೊಡುತ್ತಿದ್ದರು. ಕೊಲೆಸ್ಟ್ರಾಲಿಗೆ ಕೊಡುವ ಔಷಧಿ ಅದು, ಕರುಳಿನಲ್ಲಿ ಸುತ್ತುವ ಹಾರ್ಮೋನನ್ನೂ ಹಿಡಿದುಕೊಂಡು ಹೊರಗೆ ಒಯ್ಯುತ್ತದಂತೆ.

ನಾಲ್ಕನೇ ದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಕಣ್ಣು ತೆರೆದಿದ್ದಳು. ನನ್ನನ್ನು ನೋಡಿ, ಮೂಗಿನ ಟ್ಯೂಬ್ ಇಟ್ಟುಕೊಂಡೇ, "ಪುಟ್ಟ ಸ್ಕೂಲಿಗೆ ಹೋದ್ನಾ?" ಅಂದಳು. ನಾನು ಹೂಂ ಅಂದೆ. ಹೊರಗೆ ಬಂದು ಬೆಂಚಿನಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಹಬ್ಬದ ಮರುದಿನ ವಾರ್ಡಿಗೆ ಬಂದಳು, ಹನ್ನೆರಡನೇ ದಿನ ಮನೆಗೆ. ಹೊರಡುವಾಗ ಪಿಟಿಯು ನಿಲ್ಲಿಸಿ ಮತ್ತೆ ಕಾರ್ಬಿಮಜೋಲ್‌ಗೆ ಬದಲಿಸಿದರು. ಪಿಟಿಯು ಬಹಳ ದಿನ ತಗೊಂಡರೆ ಲಿವರಿಗೆ ಅಪಾಯ ಜಾಸ್ತಿ. ಕಾರ್ಬಿಮಜೋಲ್ ಬಗ್ಗೆಯೂ ಒಂದು ಎಚ್ಚರಿಕೆ ಕೊಟ್ಟರು. ಅಪರೂಪಕ್ಕೆ ಕೆಲವರಲ್ಲಿ ಇದು ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನು ತೀರಾ ತಗ್ಗಿಸಿಬಿಡುತ್ತದೆ. ಜ್ವರ, ಗಂಟಲು ನೋವು ಬಂದರೆ ಆ ಹೊತ್ತಿನ ಮಾತ್ರೆ ತಗೊಳ್ಳದೆ ಅವತ್ತೇ ಆಸ್ಪತ್ರೆಗೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಮಿಕ್ಕ ಯಾವ ಕಾರಣಕ್ಕೂ ತಾನಾಗಿ ನಿಲ್ಲಿಸುವ ಹಾಗಿಲ್ಲ. ಜನವರಿಯಲ್ಲೂ ಇದನ್ನೇ ಹೇಳಿದ್ದರೋ ಏನೋ. ಈ ಸಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಒಂದು ಸಲ ಬಿರುಗಾಳಿ ಎದ್ದ ಮೇಲೆ ಮಾತ್ರೆಯನ್ನೇ ನೆಚ್ಚಿಕೊಂಡು ಇರುವುದು ಬೇಡ ಅಂದರು. ಎರಡು ದಾರಿ ಇತ್ತು. ವಿಕಿರಣದ ಅಯೋಡಿನ್ ಕುಡಿಸಿ ಗ್ರಂಥಿಯನ್ನು ಒಣಗಿಸುವುದು, ಇಲ್ಲವೇ ಆಪರೇಷನ್. ಅಷ್ಟೊಂದು ಲೂಗಾಲ್ ಹೋದ ಮೇಲೆ ಗ್ರಂಥಿ ತುಂಬಾ ಅಯೋಡಿನ್ ಇರುತ್ತದೆ, ವಿಕಿರಣದ್ದನ್ನು ಹೀರಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕಣ್ಣೂ ಸ್ವಲ್ಪ ಮುಂದೆ ಬಂದಿತ್ತು. ಅದಿದ್ದಾಗ ವಿಕಿರಣದಿಂದ ಕಣ್ಣಿನ ತೊಂದರೆ ಹೆಚ್ಚಬಹುದು. ಅಕ್ಕ ಆಪರೇಷನ್ನೇ ಆಗಲಿ ಅಂದಳು. ಅವಳಿಗಿದ್ದ ಹೆದರಿಕೆ ದನಿಯದ್ದು. ದನಿಯ ನರ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯಬಹುದು ಅಂತ ಸರ್ಜನ್ ಹೇಳಿದ್ದರು.

2024ರ ಫೆಬ್ರವರಿಯಲ್ಲಿ, ಹಾರ್ಮೋನು ಹದಕ್ಕೆ ಬಂದ ಮೇಲೆ, ದಿನ ಗೊತ್ತುಮಾಡಿದರು. ಅದಕ್ಕೆ ಹತ್ತು ದಿನ ಮೊದಲು ಅದೇ ಕಂದು ಬಾಟಲಿ ಮನೆಗೆ ಬಂತು. ಆಪರೇಷನ್‌ಗೆ ಮುಂಚೆ ಲೂಗಾಲ್ ಕೊಟ್ಟರೆ ಗ್ರಂಥಿಯ ರಕ್ತದ ಹರಿವು ತಗ್ಗಿ ಕೊಯ್ಯುವಾಗ ರಕ್ತ ಕಡಿಮೆ ಹೋಗುತ್ತದೆ. ಲೂಗಾಲ್ ಅನ್ನುವ ಫ್ರೆಂಚ್ ಡಾಕ್ಟ್ರು ಈ ದ್ರಾವಣ ಮಾಡಿದ್ದು 1829ರಲ್ಲಿ. ಥೈರಾಯ್ಡ್ ಆಪರೇಷನ್‌ಗೆ ಮುಂಚೆ ಅದನ್ನು ಕೊಡುವ ಪದ್ಧತಿಯನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಹೆನ್ರಿ ಪ್ಲಮ್ಮರ್ ತಂದದ್ದು 1923ರಲ್ಲಿ. ಅದಕ್ಕೂ ಮೊದಲು ಇಂಥ ಎಷ್ಟೋ ಜನ ಆಪರೇಷನ್ ಆದ ರಾತ್ರಿಯೇ ಬಿರುಗಾಳಿ ಎದ್ದು ಹೋಗಿಬಿಡುತ್ತಿದ್ದರು. ಇದನ್ನೆಲ್ಲ ಓದಿದ ದಿನ ಆ ಚಿಕ್ಕ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ.

ಆಸ್ಪತ್ರೆಯಲ್ಲಿ ಅವಳಿಗೆ ಟ್ಯೂಬಿನಲ್ಲಿ ಹೋಗಿದ್ದರಿಂದ ರುಚಿ ಗೊತ್ತಿರಲಿಲ್ಲ. ಮೊದಲ ದಿನ ನೀರಿಗೆ ಹಾಕಿ ಕುಡಿದವಳು ಮುಖ ಕಿವುಚಿಕೊಂಡಳು. "ತುಕ್ಕು ಹಿಡಿದ ಕತ್ತರಿ ನೆಕ್ಕಿದ ಹಾಗಿದೆ ಕಣೇ. ಇದನ್ನಾ ನನಗೆ ಕುಡಿಸಿದ್ದು?" ಎರಡನೇ ದಿನದಿಂದ ಮೂಸಂಬಿ ರಸಕ್ಕೆ ಹಾಕಿಕೊಟ್ಟೆ. ಹನಿ ಎಣಿಸುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ಹತ್ತು ದಿನವೂ ಅಲ್ಲೇ ಇದ್ದೆ.

ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಅವಳು ಮೊದಲು ಆಡಿದ ಮಾತು "ಪುಟ್ಟಾ". ಮಗನನ್ನು ಕರೆದಿದ್ದಲ್ಲ, ದನಿ ಇದೆಯಾ ಅಂತ ನೋಡಿಕೊಂಡಿದ್ದು. ಸ್ವಲ್ಪ ಗೊಗ್ಗರಾಗಿತ್ತು, ಎರಡು ವಾರದಲ್ಲಿ ಸರಿಹೋಯಿತು. ಮಾರನೇ ದಿನ ಬೆರಳ ತುದಿ, ತುಟಿಯ ಸುತ್ತ ಜುಮು ಜುಮು ಅಂದಾಗ ಸಿಸ್ಟರ್‌ಗೆ ತಕ್ಷಣ ಹೇಳಿದೆವು. ಥೈರಾಯ್ಡ್ ಪಕ್ಕದ ಪುಟ್ಟ ಗ್ರಂಥಿಗಳು ಸೊರಗಿ ಕ್ಯಾಲ್ಸಿಯಂ ಇಳಿದಿತ್ತು. ಕ್ಯಾಲ್ಸಿಯಂ ಕೊಟ್ಟು ಸರಿಮಾಡಿದರು, ಮಾತ್ರೆ ಎರಡು ತಿಂಗಳು ನಡೆಯಿತು.

ಈಗ ಅವಳೂ ನಮ್ಮ ಬೀದಿಯ ಆ ನಾಲ್ಕು ಜನರ ಹಾಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ತಗೋತಾಳೆ. ಗ್ರಂಥಿಯೇ ಇಲ್ಲವಲ್ಲ, ಆ ಹಾರ್ಮೋನು ಹೊರಗಿನಿಂದ ಬರಬೇಕು, ಜೀವನಪೂರ್ತಿ. ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದಾಳೆ. ಅದರಲ್ಲಿ ನಾನೇ ಬರೆದುಕೊಟ್ಟಿದ್ದೇನೆ: ಮೊದಲು ಥೈರಾಯ್ಡ್ ಜಾಸ್ತಿ ಇತ್ತು, ಗ್ರಂಥಿ ತೆಗೆದಿದೆ, ಈಗ ಈ ಮಾತ್ರೆ, ಇಷ್ಟು ಮೈಕ್ರೋಗ್ರಾಂ. ನಿಮ್ಮ ಮನೆಯಲ್ಲೂ ಯಾರಿಗಾದರೂ ಥೈರಾಯ್ಡ್ ಇದ್ದರೆ ದಯವಿಟ್ಟು ಜಾಸ್ತಿಯೋ ಕಡಿಮೆಯೋ ಅಂತ ಬಿಡಿಸಿ ತಿಳಿದುಕೊಳ್ಳಿ. ಜಾಸ್ತಿ ಇರುವವರು ಮಾತ್ರೆ ಬಿಟ್ಟಿದ್ದು, ಆಮೇಲೆ ಜ್ವರ ಬಂದು ಎದೆ ಹೊಡೆದುಕೊಳ್ಳುತ್ತಿದ್ದರೆ, ಆಸ್ಪತ್ರೆಯ ಬಾಗಿಲಲ್ಲೇ ಆ ಮಾತು ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಆ ನಾಲ್ಕು ದಿನ ಅಕ್ಕನಿಗೆ ನೆನಪೇ ಇಲ್ಲ. ಕೆಲಸ ಮಾಡುತ್ತಾ ಆಗಾಗ ಕೇಳುತ್ತಿರುತ್ತಾಳೆ. ಮಳೆ ಬಂದಿತ್ತಾ, ಭಾವ ಊಟ ಮಾಡಿದ್ರಾ, ಅಮ್ಮ ಅತ್ತಳಾ ಅಂತ. ಹೋದ ಭಾನುವಾರ ರವಿಕೆಗೆ ಹುಕ್ ಹಾಕುತ್ತಾ ಕೇಳಿದಳು, "ಅಯೋಡಿನ್‌ಗೆ ಒಂದು ಗಂಟೆ ಕಾದ್ರಲ್ಲ, ಆಗ ನೀನೇನು ಮಾಡ್ತಿದ್ದೆ?"

"ನಿನ್ನ ಕಾಲಿಗೆ ಒದ್ದೆ ಬಟ್ಟೆ ಹಾಕ್ತಿದ್ದೆ" ಅಂದೆ.

ಅವಳು ದಾರ ಹಲ್ಲಿನಿಂದ ಕಡಿದು, ಮುಂದಿನ ಹುಕ್ ತೆಗೆದುಕೊಂಡಳು. "ಯಾವ ಬಟ್ಟೆ?"

"ಅಮ್ಮನ ನೀಲಿ ಸೀರೇದು."